ಸಕ್ಕರೆ ಮೂಟೆಯ ಅಳತೆ

“ಅಳೀರಿ ಟೀಚರಮ್ಮ,” ಎಂದು ಇಲಾರಿಯೋ ಲಾಕಿ ಆ ಮನೆಯನ್ನು ಮೇಜಿನ ಮೇಲೆ ಕುಕ್ಕಿದ. ಸೀಮೆಸುಣ್ಣದ ಡಬ್ಬಿ ಉರುಳಿ ನೆಲಕ್ಕೆ ಬಿತ್ತು. ಯಾರೂ ಹೆಕ್ಕಲು ಬಗ್ಗಲಿಲ್ಲ.

ಡೆಲ್ಮೀರಾ ಕರಿಹಲಗೆಯ ಮೇಲೆ ಬರೆಯುತ್ತಿದ್ದ ಹೇನಿನ ಕಾಲನ್ನು ಅರ್ಧಕ್ಕೇ ಬಿಟ್ಟು ತಿರುಗಿದಳು. ಹೇನು ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಕೊಬ್ಬಿದ ಹಂದಿಯ ಹಾಗೆ ಮೈಚಾಚಿ ಮಲಗಿತ್ತು. ನಿಜವಾದ ಹೇನು ಕಿಟಕಿಯ ಕಟ್ಟೆಯ ಮೇಲೆ, ಬಿಳಿ ಕಾಗದದಲ್ಲಿ, ಭೂತಗನ್ನಡಿಯ ಕೆಳಗಿತ್ತು. ಅದು ಯಾರ ತಲೆಯದು ಎಂಬುದನ್ನು ಗುಟ್ಟಾಗಿಡುವುದಾಗಿ ಅವಳು ಭಾಷೆ ಕೊಟ್ಟಿದ್ದಳು. ಇಡೀ ತರಗತಿಗೆ ಗೊತ್ತಿತ್ತು.

ಇಲಾರಿಯೋ ತಂದ ಮನೆ ಗೇಣೆತ್ತರದ್ದು, ಪ್ಲಾಸ್ಟರಿನಲ್ಲಿ ಎರಕ ಹೊಯ್ದದ್ದು. ಎರಡು ಅಂತಸ್ತು, ನೀಲಿ ಕಿಟಕಿ, ಕೆಂಪು ಬಳಿದ ಮಾಡು. ಅಂಗಳದಲ್ಲಿ ನಿಂತ ಲಾರಿಯ ತಲೆ ಮೇಲಂತಸ್ತಿನ ಕಿಟಕಿಯೊಳಗೆ ಇಣುಕುತ್ತಿತ್ತು. ಬಾಗಿಲ ಪಕ್ಕದ ಸಕ್ಕರೆ ಮೂಟೆ ಬಾಗಿಲಿಗಿಂತ ಎತ್ತರ. ಕೋಳಿ ಲಾರಿಯ ಚಕ್ರದಷ್ಟು. ಆದರೂ ಕೆಲಸ ಚೆಂದದ್ದು. ಕೋಳಿಯ ಜುಟ್ಟಿಗೆ ಅವನು ಎಷ್ಟು ಸಣ್ಣ ಕುಂಚ ಹಿಡಿದಿದ್ದನೋ, ಒಂದು ಹನಿಯೂ ಆಚೀಚೆ ಹರಿದಿರಲಿಲ್ಲ.

“ಅಳೆದು ಏನು ನೋಡ್ಬೇಕು ಅಣ್ಣ?” ಎಂದಳು ಡೆಲ್ಮೀರಾ.

“ನನ್ನನ್ಯಾಕೆ ಕೇಳ್ತೀರ? ಅವಳನ್ನ ಕೇಳಿ.” ಅವನು ಕಿಟಕಿ ಪಕ್ಕದ ಬೆಂಚಿನ ಕಡೆ ಗದ್ದ ಎತ್ತಿದ. ಅಲ್ಲಿ ಎರಡು ಜಡೆಗಳ ಬೈತಲೆ ಮಾತ್ರ ಕಾಣುತ್ತಿತ್ತು. ಮಿಕ್ಕ ನಾಯ್ದಾ ಡೆಸ್ಕಿನ ಕೆಳಗೆ ಜಾರಿಹೋಗಿದ್ದಳು. “ನಿನ್ನೆ ಪೂನೋದಲ್ಲಿ ಸಂತೆ ಶುರುವಾಯ್ತು. ಮೊದಲ ಗಿರಾಕಿ. ಹುಲಿಯಾಕಾ ಪಟ್ಟಣದಲ್ಲಿ ಚಪ್ಪಲಿ ಅಂಗಡಿ ಇಟ್ಟೋನು. ಮನೆ ಕೈಯಲ್ಲಿ ಹಿಡ್ಕೊಂಡಿದ್ದಾನೆ, ಇನ್ನೊಂದು ಕೈ ಜೇಬಲ್ಲಿದೆ. ನನ್ನ ಮಗಳು ಏನಂದ್ಲು ಗೊತ್ತಾ? ‘ಮಾವ, ಈ ಲಾರಿ ಸರಿಯಾದ ಅಳತೇದು ಅಂದ್ರೆ ನಿಮ್ಮ ಮನೆ ಬಾಗಿಲಲ್ಲಿ ನೀವು ತೆವಳ್ಕೊಂಡು ಹೋಗ್ಬೇಕಾಗತ್ತೆ. ಮೇಲಕ್ಕೆ ಮೆಟ್ಟಿಲೂ ಇಲ್ಲ.’”

ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದರು.

“ಅವನು ಜೇಬಿಂದ ಕೈ ತೆಗೆದ. ಬರಿಗೈ. ಎದೆ ಮೇಲೆ ಶಿಲುಬೆ ಗುರುತು ಹಾಕ್ಕೊಂಡ. ಪಕ್ಕದ ಅಂಗಡಿಗೆ ಹೋಗಿ ನನ್ನದಕ್ಕಿಂತ ಸೊಟ್ಟದ್ದೊಂದು ಮನೆ ಮುಟ್ಟಿ ನೋಡ್ತಾ ನಿಂತ. ಅಷ್ಟಕ್ಕೆ ಬಿಟ್ಲಾ? ಮುಂದಿನವಳಿಗೆ, ‘ಅತ್ತೆ, ಈ ಹಸು ನಿಮ್ಮ ಕೊಟ್ಟಿಗೆಯೊಳಗೆ ಹಿಡಿಸಲ್ಲ.’ ಸಂಜೆಯೊಳಗೆ ಊರೆಲ್ಲ ಸುದ್ದಿ, ಲಾಕಿ ಸಾಮಾನು ಸೊಟ್ಟ ಅಂತ.”

ಅಲಸೀತಾ ಸಂತೆಯಲ್ಲಿ ಕೊಂಡ ಪುಟಾಣಿ ವಸ್ತು ವರ್ಷ ತಿರುಗುವುದರೊಳಗೆ ನಿಜದ ಗಾತ್ರಕ್ಕೆ ಬೆಳೆದು ಮನೆ ಸೇರುತ್ತದೆ. ಹೀಗೆಂದು ನಂಬುತ್ತೇನೆ ಎಂದು ಪೂನೋ ಪಟ್ಟಣದಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳದೆ ಬಿಡುವವರೂ ಇಲ್ಲ. ಬ್ಯಾಂಕಿನ ಮ್ಯಾನೇಜರನೂ ಅತ್ತಿತ್ತ ನೋಡಿ ಕಾರೊಂದನ್ನು ಕೋಟಿನ ಜೇಬಿಗಿಳಿಸುತ್ತಾನೆ.

“ಮೆಟ್ಟಿಲು ಇಲ್ದಿದ್ರೆ ಕಷ್ಟಾನೇ ಟೀಚರ್,” ಎಂದ ವಿಲ್ಬೆರ್. ಆ ಹುಡುಗನಿಗೆ ಕೇಳದೆ ಮಾತಾಡುವುದು ಚಟ. “ನಮ್ಮ ದೊಡ್ಡಪ್ಪ ಮಹಡಿ ಕಟ್ಟಿಸಿ ಮೆಟ್ಟಿಲು ಇಡಿಸೋದೇ ಮರೆತ. ಕೇಳಿದ್ರೆ, ನಾನು ಸಂತೇಲಿ ಕೊಂಡ ಮನೆಗೂ ಇರ್ಲಿಲ್ಲ ಅಂತಾನೆ. ಈಗ್ಲೂ ಏಣಿ ಹತ್ಕೊಂಡು ಮಲಗೋಕೆ ಹೋಗ್ತಾನೆ. ಕುಡಿದ ದಿನ ಕೆಳಗೇ ಮಲಗ್ತಾನೆ.”

“ಆ ಮನೆ ಮಾಡಿದ್ದು ಯಾರಂತೆ?” ಎಂದಳೊಬ್ಬಳು.

“ನಾನೇ,” ಎಂದ ಇಲಾರಿಯೋ. ತರಗತಿ ಗೊಳ್ಳೆಂದಿತು. ಅವನ ತುಟಿಯೂ ಒಂದು ಗಳಿಗೆ ಅಲುಗಿತು, ಮರುಗಳಿಗೆ ಬಿಗಿಯಿತು. “ನಗಿ, ನಗಿ. ಟೀಚರಮ್ಮ, ನಾನು ಜಗಳಕ್ಕೆ ಬಂದಿಲ್ಲ. ಹೇಳೋಕೆ ಬಂದೆ. ಮುಂದಿನ ಸೋಮವಾರದಿಂದ ಇವಳು ಬರಲ್ಲ. ಹುಲಿಯಾಕಾದಲ್ಲಿ ನನ್ನ ತಂಗಿ ಇದ್ದಾಳೆ, ಅಲ್ಲಿ ಶಾಲೇಲಿ ಮಗ್ಗಿ ಹೇಳ್ಕೊಡ್ತಾರೆ. ಹೇನು ಬರೆಸಲ್ಲ.”

ಡೆಸ್ಕಿನ ಕೆಳಗಿನ ಬೈತಲೆ ಇನ್ನಷ್ಟು ಕೆಳಗಿಳಿಯಿತು.

ಡೆಲ್ಮೀರಾ ಮನೆಯನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಹಾಗೆ ಹಿಡಿದರೆ ಯೋಚಿಸಲು ಸಮಯ ಸಿಗುತ್ತದೆ. “ಶನಿವಾರ ಮಧ್ಯಾಹ್ನ ಪೂಜೆ ಅಲ್ವಾ? ಅಲ್ಲೀವರೆಗೆ ಬಿಡಿ. ನಾನೂ ಬರ್ತೀನಿ, ಅಂಗಡೀಲಿ ಕೂರ್ತೀನಿ. ಹೋದ ಗಿರಾಕಿ ತಿರುಗಿ ಬಂದ್ರೆ ಇವಳನ್ನ ಇಲ್ಲೇ ಬಿಡ್ತೀರಾ?”

“ಬಂದ್ರೆ ನಿಮ್ಮ ಹೇನಿನ ಜೊತೆ ಇರ್ಲಿ. ಬರದಿದ್ರೆ ಹುಲಿಯಾಕಾ,” ಎಂದು ಅವನು ಟೋಪಿ ತಲೆಗಿಟ್ಟ. ಬಾಗಿಲಲ್ಲಿ ನಿಂತು ಹಲಗೆಯ ಕಡೆ ನೋಡಿದ. “ಒಂದು ಕಾಲು ಕಡಿಮೆ ಇದೆ ಅದಕ್ಕೆ.”

ಈ ಗಾತ್ರದ ಹುಚ್ಚು ಹಿಡಿದದ್ದು ಮಾರ್ಚಿ ತಿಂಗಳಲ್ಲಿ, ಶಾಲೆ ತೆರೆದ ವಾರ. ಮೂರನೆಯಿಂದ ಆರನೆಯ ತರಗತಿಯವರೆಗೆ ಎಲ್ಲರೂ ಒಂದೇ ಕೋಣೆಯಲ್ಲಿ ಕೂರುವ ಶಾಲೆ ಅದು. ಇವರಿಗೆ ಭಿನ್ನರಾಶಿ, ಅವರಿಗೆ ಭೂಪಟ, ಇನ್ನೊಬ್ಬರಿಗೆ ಇಂಕಾ ಅರಸರು ಎಂದು ಹಂಚುವಷ್ಟರಲ್ಲಿ ಹಾಲು ಕುಡಿಯುವ ಗಂಟೆ ಹೊಡೆಯುತ್ತಿತ್ತು. ಎಲ್ಲ ಕುರಿಗಳನ್ನೂ ಒಂದೇ ಹಗ್ಗಕ್ಕೆ ಕಟ್ಟುವುದು ಹೇಗೆ ಎಂದು ಯೋಚಿಸುತ್ತ ಕುಳಿತವಳಿಗೆ ಹಗ್ಗವೇ ಹೊಳೆಯಿತು. ಏನನ್ನು ಕಲಿಸಿದರೂ ಅದು ಎಷ್ಟು ದೊಡ್ಡದು, ಯಾವುದರ ಪಕ್ಕದಲ್ಲಿ ದೊಡ್ಡದು ಎಂದು ಕೇಳಿಯೇ ಕಲಿಸುವುದು.

ಹಾಗೆ ಭೂಗೋಳದ ದಿನ ತಿತಿಕಾಕಾ ಸರೋವರ ಆಟದ ಬಯಲಿಗೆ ಬಂತು, ಬೂದಿಯ ಗೆರೆಯಲ್ಲಿ. ದ್ವೀಪಗಳಿಗೆ ಜೋಳದ ಕಾಳು ಇಟ್ಟದ್ದು ತಪ್ಪಾಯಿತು. ಅಡುಗೆಯವಳ ಕೋಳಿ ಒಂದೊಂದಾಗಿ ದ್ವೀಪಗಳನ್ನು ನುಂಗಿತು. ಇತಿಹಾಸದ ದಿನ ಹುಡುಗರ ಅಜ್ಜಿಯರಿಂದ ಉಣ್ಣೆಯ ಉಂಡೆಗಳನ್ನು ಕಡ ತಂದು ಗಂಟು ಹಾಕಿದರು. ಇಂದಿನಿಂದ ಹಿಂದಕ್ಕೆ, ಒಬ್ಬಳು ಮುದುಕಿಯ ಆಯುಷ್ಯಕ್ಕೆ ಒಂದು ಗೇಣು ದಾರ. ಮೇಜಿನಿಂದ ಹೊರಟ ದಾರ ಎರಡನೆಯ ಬೆಂಚು ಮುಟ್ಟುವ ಮೊದಲೇ ಇಂಕಾ ಅರಸರೆಲ್ಲ ಮುಗಿದುಹೋದರು. ಬಾಗಿಲು ದಾಟಿ ಪಾಯಿಖಾನೆಯ ಆಚೆ ಹೋಗುವಷ್ಟರಲ್ಲಿ ಈ ನಾಡಿನಲ್ಲಿ ಮನುಷ್ಯರೇ ಮುಗಿದರು. ದಾರ ಮಾತ್ರ ಸರೋವರದ ದಂಡೆಯ ಜೊಂಡಿನವರೆಗೆ ಹೋಯಿತು, ಅಲ್ಲಿ ಬರೀ ನೀರುಕೋಳಿಗಳಿದ್ದವು, ಮತ್ತು ಉಂಡೆಯಲ್ಲಿ ಇನ್ನೂ ದಾರವಿತ್ತು. ಸಂಗೀತದ ದಿನ ಊರಿನ ಕೊಳಲುಗಾರರ ಸೀಕು ಎಂಬ ಬಿದಿರಿನ ಸಾಲುಗೊಳಲನ್ನು ಅಳೆದರು: ನಳಿಗೆ ಅರ್ಧವಾದರೆ ಸ್ವರ ಅದೇ, ಆದರೆ ಒಂದು ಸ್ಥಾಯಿ ಮೇಲೆ, ಅಪ್ಪನ ದನಿಯ ಪಕ್ಕದಲ್ಲಿ ಮಗನ ದನಿಯ ಹಾಗೆ.

ಮಕ್ಕಳು ನಕ್ಕರು, ಮರೆತರು, ಮನೆಗೆ ಹೋದರು. ನಾಯ್ದಾ ಒಬ್ಬಳು ಚೀಲ ಹೆಗಲಿಗೇರಿಸಿಕೊಂಡು ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದಳು. “ಹಾಗಾದ್ರೆ ಟೀಚರ್, ಹೇನಿನ ಮೇಲೊಂದು ಹೇನು ಇದ್ರೆ, ಅದಕ್ಕೆ ಎಷ್ಟು ದೊಡ್ಡ ಹಲಗೆ ಬೇಕು?” ಡೆಲ್ಮೀರಾಗೆ ಉತ್ತರ ಗೊತ್ತಿರುತ್ತಿರಲಿಲ್ಲ. ಇಬ್ಬರೂ ಕೂತು ಲೆಕ್ಕ ಹಾಕುತ್ತಿದ್ದರು. ಸಂಬಳಕ್ಕೆ ಪಾಠ ಮಾಡುವುದು ಬೇರೆ, ಸಂಜೆಯ ಈ ಹದಿನೈದು ನಿಮಿಷ ಬೇರೆ ಎಂದು ಅವಳಿಗೆ ಅನ್ನಿಸಿತ್ತು. ಆ ಹುಡುಗಿ ಹುಲಿಯಾಕಾಕ್ಕೆ ಹೋದರೆ ಶಾಲೆ ನಡೆಯುತ್ತದೆ, ಗಂಟೆ ಹೊಡೆಯುತ್ತದೆ, ಹಾಲು ಬರುತ್ತದೆ. ಹದಿನೈದು ನಿಮಿಷ ಬರುವುದಿಲ್ಲ.

ಮಂಗಳವಾರದಿಂದ ತರಗತಿಯೇ ಕಾರ್ಖಾನೆಯಾಯಿತು. ಡೆಲ್ಮೀರಾಳ ಉಪಾಯ ಸರಳವಾಗಿತ್ತು: ಸೊಟ್ಟ ಸಾಮಾನು ಎಂಬ ಹೆಸರು ಬಂದಿದೆ, ನೆಟ್ಟಗಿನ ಸಾಮಾನು ಮಾಡಿ ಹೆಸರು ತೊಳೆಯುವುದು. ನಿಜದ ಐವತ್ತು ಗೇಣಿಗೆ ಇಲ್ಲಿ ಒಂದು ಗೇಣು. ಐವತ್ತಕ್ಕೆ ಒಂದು. ಎಲ್ಲವೂ, ಯಾವ ವಿನಾಯಿತಿಯೂ ಇಲ್ಲದೆ, ಐವತ್ತಕ್ಕೆ ಒಂದು. ಮಕ್ಕಳು ತಮ್ಮ ತಮ್ಮ ಮನೆಗೆ ಹೋಗಿ ಬಾಗಿಲು ಅಳೆದು ಬಂದರು, ಹಸು ಅಳೆದು ಬಂದರು. ವಿಲ್ಬೆರ್ ದೊಡ್ಡಪ್ಪನನ್ನು ಅಳೆಯಲು ಹೋಗಿ ಬೈಸಿಕೊಂಡು ಬಂದ.

ನಾಯ್ದಾ ರಟ್ಟು ಕತ್ತರಿಸಿ ಮನೆ ಕಟ್ಟಿದಳು, ಒಳಗೆ ಬೆಂಕಿಕಡ್ಡಿ ಸೀಳಿ ಮೆಟ್ಟಿಲು ಕೂಡಿಸಿದಳು. ಬಾಗಿಲಲ್ಲಿ ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಎತ್ತರದ ಮನುಷ್ಯ ನಿಂತ. ಹಸು ಕಿರುಬೆರಳಿನ ತುದಿಯಷ್ಟು. ಕೋಳಿಗೆ ಕಿನುವಾ ಧಾನ್ಯದ ಮೂರ್ನಾಲ್ಕು ಕಾಳು ಅಂಟಿಸಿ ಜುಟ್ಟಿಗೆ ಕೆಂಪು ತಾಕಿಸಿದರು. ಸಕ್ಕರೆ ಮೂಟೆ ಒಂದು ಜೋಳದ ಕಾಳಿನಷ್ಟಾಯಿತು. ನೂರು ಸೋಲ್ ನೋಟು ಮಾಡಿದ ಹುಡುಗಿಗೆ ಸೀನು ಬಂದು ಇಡೀ ಬ್ಯಾಂಕು ಹಾರಿಹೋಯಿತು.

“ಟೀಚರ್, ನಮ್ಮ ಮನೆ ಇಷ್ಟೇ ಅಂದ್ರೆ ಸರೋವರ ಎಷ್ಟಾಗತ್ತೆ?” ಎಂದ ವಿಲ್ಬೆರ್.

“ನಡ್ಕೊಂಡು ಹೋದ್ರೆ ಒಂದು ದಡದಿಂದ ಇನ್ನೊಂದಕ್ಕೆ ಮುಕ್ಕಾಲು ಗಂಟೆ ಬೇಕು.”

“ಐವತ್ತಕ್ಕೆ ಒಂದು ಮಾಡಿದ್ಮೇಲೂನಾ?”

“ಮಾಡಿದ್ಮೇಲೂ.”

ಅವನು ಕಿಟಕಿಯಾಚೆಯ ಸರೋವರವನ್ನು, ಮೊದಲ ಸಲ ನೋಡುವವನ ಹಾಗೆ, ಬಹಳ ಹೊತ್ತು ನೋಡಿದ.

ಶನಿವಾರ ಬೆಳಗಿನ ವ್ಯಾನಿನಲ್ಲಿ ಡೆಲ್ಮೀರಾ ಆ ಮನೆಯನ್ನು ಬಿಸ್ಕತ್ತಿನ ಡಬ್ಬದಲ್ಲಿಟ್ಟು ತೊಡೆಯ ಮೇಲೆ ಹಿಡಿದು ಪೂನೋ ತಲುಪಿದಳು. ಬೀದಿಯ ಉದ್ದಕ್ಕೂ ಅಂಗಡಿಗಳು. ಸಿಮೆಂಟು ಚೀಲ, ಹೊಲಿಗೆ ಯಂತ್ರ, ಡಾಕ್ಟರಿಕೆಯ ಪದವಿ, ಮದುವೆಯ ಸರ್ಟಿಫಿಕೇಟು, ಎಲ್ಲ ಅಂಗೈಯೊಳಗೆ ಹಿಡಿಸುವಂಥವು. ಅಲ್ಲಲ್ಲಿ ಕೆಂಡದ ಮೇಲೆ ಧೂಪ ಹಾಕುವ ಯತೀರಿಗಳೆಂಬ ಪೂಜಾರಿ ಮುದುಕರು ಈಗಲೇ ಜಾಗ ಹಿಡಿದು ಕೂತಿದ್ದರು. ಕೊಂಡದ್ದನ್ನು ಸರಿಯಾಗಿ ಮಟಮಟ ಮಧ್ಯಾಹ್ನಕ್ಕೆ ಹೊಗೆಗೆ ಹಿಡಿಯಬೇಕು.

ಲಾಕಿಯ ಅಂಗಡಿಯಲ್ಲಿ ಇಲಾರಿಯೋನ ಹೆಂಡತಿ ಬ್ರಿಹಿದಾ ಗುಂಡು ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು ಕೂತಿದ್ದಳು. ಮೇಜಿನ ತುಂಬ ಮಾರಾಟವಾಗದ ಮನೆಗಳು, ಚಿಕ್ಕವು ಮತ್ತು ಅದರ ದುಪ್ಪಟ್ಟು ಅಳತೆಯವು.

“ಬನ್ನಿ ಟೀಚರಮ್ಮ, ಕೂತ್ಕೊಳ್ಳಿ. ಜಾಗ ಬೇಕಾದಷ್ಟಿದೆ, ಗಿರಾಕಿಗಳು ಯಾರೂ ತುಳೀತಿಲ್ಲ,” ಎಂದಳು. ಅವಳ ಮಾತಿನಲ್ಲಿ ಕೋಪ ಎಷ್ಟು, ತಮಾಷೆ ಎಷ್ಟು ಎಂದು ಬೇರೆ ಮಾಡುವುದು ಕಷ್ಟ.

ಬಿಸ್ಕತ್ತಿನ ಡಬ್ಬದಿಂದ ಮನೆ ಹೊರಬಂದಾಗ ಜನ ಸೇರಿದರು. ಸೇರಿದರು ಎಂದರೆ ನಿಜವಾಗಿ ಸೇರಿದರು. ಹಿಂದಿನವರು ಮುಂದಿನವರ ಹೆಗಲ ಮೇಲಿಂದ ಬಗ್ಗಿದರು. ಒಬ್ಬಾತ ಮೆಟ್ಟಿಲುಗಳನ್ನು ನೋಡಿ ಬಾಯಲ್ಲಿ ಚ್ಚ್ ಎಂದ. ನಾಯ್ದಾ ಭೂತಗನ್ನಡಿ ಹಿಡಿದು ಒಂದೊಂದನ್ನೂ ತೋರಿಸಿದಳು. ಇದು ಹಸು, ಇದು ಕೋಳಿ. ಡೆಲ್ಮೀರಾಗೆ ಎದೆ ಹಗುರವಾಯಿತು. ಅವಳು ಇಲಾರಿಯೋನ ಮುಖ ನೋಡಿದಳು. ಅವನು ಜನರ ಮುಖ ನೋಡುತ್ತಿದ್ದ, ಮಾರುವವನು ನೋಡುವ ಹಾಗೆ.

“ಸಕ್ಕರೆ ಎಲ್ಲಿ ಮಗೂ?” ಎಂದಳು ಒಬ್ಬಳು ದಪ್ಪನೆಯ ಹೆಂಗಸು. ಅವಳದು ಬಸ್ ನಿಲ್ದಾಣದಲ್ಲಿ ಗಂಜಿ ಮಾರುವ ವ್ಯಾಪಾರ. ಸೊಂಟದ ಬಟ್ಟೆಯಲ್ಲಿ ಇನ್ನೂ ಹಿಟ್ಟಿತ್ತು.

“ಇದೇ ಅತ್ತೆ. ಬಾಗಿಲ ಹತ್ರ.”

“ಎಲ್ಲಿ?”

“ಇಲ್ಲಿ. ಗಾಜಲ್ಲಿ ನೋಡಿ.”

ಹೆಂಗಸು ನೋಡಿದಳು. ಆಮೇಲೆ ನೆಟ್ಟಗೆ ನಿಂತಳು. “ನನ್ನ ಹತ್ರ ದಿನಾ ಐವತ್ತು ಜನ ಗಂಜಿ ಕುಡೀತಾರೆ. ವರ್ಷವಿಡೀ ಅವರಿಗೆ ಗಾಜು ಹಿಡ್ಕೊಂಡು ಸಕ್ಕರೆ ಹಾಕ್ಲಾ?”

ಜನ ನಕ್ಕು ಚದುರಿದರು. ಇನ್ನಿಬ್ಬರು ಬಂದು ನೋಡಿದರು, ಹೊಗಳಿದರು, ಪಕ್ಕದ ಅಂಗಡಿಯಲ್ಲಿ ಕೊಂಡರು. ಬಿಸಿಲು ನೆತ್ತಿಯ ಕಡೆ ಏರುತ್ತಿತ್ತು. ಡೆಲ್ಮೀರಾ ತನ್ನ ಉಪಾಯವನ್ನು ಈಗ ಗಿರಾಕಿಯ ಕಣ್ಣಲ್ಲಿ ನೋಡಿದಳು: ಜೋಳದ ಕಾಳಿನಷ್ಟು ಸಕ್ಕರೆ, ಉಸಿರಿಗೆ ಹಾರುವ ನೋಟು. ಒಂದು ವರ್ಷದ ಬಾಳನ್ನು ಅದಕ್ಕೆ ಯಾರು ಒಪ್ಪಿಸುತ್ತಾರೆ? ತಾನು ಕಲಿಸಿದ್ದರಲ್ಲಿ ತಪ್ಪಿರಲಿಲ್ಲ. ಇಲ್ಲಿ ತಂದದ್ದು ತಪ್ಪು.

ನಾಯ್ದಾ ಭೂತಗನ್ನಡಿಯನ್ನು ತೋಳಿಗೆ ಒರೆಸಿ ಕೆಳಗಿಟ್ಟಳು. ಅವಳಿಗೆ ಹುಲಿಯಾಕಾದ ಅತ್ತೆಯ ಮನೆ ಗೊತ್ತಿತ್ತು. ಅಲ್ಲಿ ಊಟಕ್ಕೆ ಕೂತಾಗ ಪ್ರಶ್ನೆ ಕೇಳಿದರೆ ಅತ್ತೆ ಚಮಚದಲ್ಲಿ ಬೆರಳಿನ ಗಿಣ್ಣಿಗೆ ಕುಟ್ಟುತ್ತಿದ್ದಳು.

ಗಂಜಿಯವಳು ಹೋಗಿರಲಿಲ್ಲ. ಮೇಜಿನ ಆ ತುದಿಯಲ್ಲಿ ಇಲಾರಿಯೋನ ಮಾಮೂಲಿ ಸಾಮಾನಿನ ಮುಂದೆ ನಿಂತು ಚೌಕಾಸಿ ಮಾಡುತ್ತಿದ್ದಳು. ಅಲ್ಲಿ ಸಕ್ಕರೆ ಮೂಟೆ ಎರಡು ಥರದವಿದ್ದವು, ಚಿಕ್ಕದು ಮತ್ತು ದೊಡ್ಡದು, ಎರಡೂ ಇಟ್ಟಿಗೆಯ ಹಾಗೆ ಚೌಕಾಕಾರ, ಮೇಲೆ ನೀಲಿ ಅಕ್ಷರ.

“ದೊಡ್ಡದಕ್ಕೆ ದುಪ್ಪಟ್ಟು ಯಾಕೆ?”

“ದುಪ್ಪಟ್ಟು ಉದ್ದ ಇದೆಯಲ್ಲ ಅಕ್ಕ, ಅದಕ್ಕೆ ದುಪ್ಪಟ್ಟು.”

“ಹಾಗಾದ್ರೆ ಎರಡು ಚಿಕ್ಕದು ಕೊಡು. ಅಷ್ಟೇ ಆಯ್ತಲ್ಲ. ಒಂದು ಬಿದ್ದು ಒಡೆದ್ರೂ ಇನ್ನೊಂದಿರತ್ತೆ.”

“ಅದೂ ಸರಿಯೇ,” ಎಂದು ಇಲಾರಿಯೋ ಎರಡು ಚಿಕ್ಕ ಮೂಟೆ ಎತ್ತಿ ಕಾಗದ ಹುಡುಕಿದ.

ನಾಯ್ದಾ ಕೈ ಚಾಚಿ ಅಪ್ಪನ ಕೈಯಿಂದ ಆ ಎರಡನ್ನೂ ತೆಗೆದುಕೊಂಡಳು. ದೊಡ್ಡ ಮೂಟೆಯ ಪಕ್ಕದಲ್ಲಿ ಒಂದರ ಹಿಂದೊಂದು ಇಟ್ಟಳು. ಉದ್ದ ಸರಿಹೋಯಿತು. ಆದರೆ ದೊಡ್ಡದು ಗೂಳಿಯ ಹಾಗೆ ಕಂಡಿತು, ಚಿಕ್ಕವು ಎರಡು ಇಲಿಗಳ ಹಾಗೆ. ಹುಡುಗಿ ತುಟಿ ಕಚ್ಚಿದಳು. ಇನ್ನೆರಡು ತಂದು ಅವುಗಳ ಮಗ್ಗುಲಿಗೆ ಒತ್ತಿದಳು. ಈಗ ಅಗಲವೂ ಸರಿ, ಆದರೂ ಎತ್ತರ ಅರ್ಧಕ್ಕೇ ನಿಂತಿತ್ತು. ಇನ್ನು ನಾಲ್ಕು ಮೂಟೆ ಎಳೆದುಕೊಂಡು ಒಂದೊಂದಾಗಿ ಮೇಲೆ ಹೇರಿದಳು.

ಎರಡೂ ಒಂದೇ ಗಾತ್ರದ ಗುಡ್ಡೆಗಳಾದವು.

ಈ ಪಾಠವನ್ನು ಡೆಲ್ಮೀರಾ ಇನ್ನೂ ಮಾಡಿರಲಿಲ್ಲ. ಜೂನಿಗೆ ಇಟ್ಟುಕೊಂಡಿದ್ದಳು, ಸೋಪಿನ ಡಬ್ಬಿಗಳನ್ನೂ ಕೂಡಿಹಾಕುತ್ತಿದ್ದಳು. ಅವಳು ಮೇಜಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು.

“ಎಂಟು,” ಎಂದಳು ನಾಯ್ದಾ. ಯಾರಿಗೂ ಹೇಳಿದ್ದಲ್ಲ ಅದು. ಆಮೇಲೆ ತಲೆ ಎತ್ತಿದಳು. “ಅತ್ತೆ, ಇದ್ರೊಳಗೆ ಎಂಟು ಮೂಟೆ ಸಕ್ಕರೆ ಇದೆ.”

“ಎಂಟಾ?”

“ಉದ್ದಾನೂ ಎರಡು ಪಟ್ಟು, ಅಗಲಾನೂ ಎರಡು ಪಟ್ಟು, ಎತ್ತರಾನೂ ಎರಡು ಪಟ್ಟು. ನೀವೇ ಮುಟ್ಟಿ ನೋಡಿ. ಎರಡರ ದುಡ್ಡಿಗೆ ಎಂಟು.”

ಗಂಜಿಯವಳು ಹಿಟ್ಟಿನ ಬೆರಳಿಂದ ಒಂದೊಂದನ್ನೂ ಮುಟ್ಟಿ ಎಣಿಸಿದಳು. ಇನ್ನೊಂದು ಸಲ ಎಣಿಸಿದಳು. ಆಮೇಲೆ ದೊಡ್ಡ ಮೂಟೆಯನ್ನು ಎತ್ತಿ ಕಂಕುಳಲ್ಲಿ ಅವುಚಿಕೊಂಡು, ಯಾರಾದರೂ ಲೆಕ್ಕ ತಿದ್ದುವ ಮೊದಲು ಎಂಬಂತೆ, ದುಡ್ಡು ಮೇಜಿನ ಮೇಲೆ ಹಾಕಿದಳು. ಹಿಂದೆ ನಿಂತಿದ್ದವಳು, “ನನಗೂ ಒಂದು ಎಂಟರದ್ದು,” ಎಂದಳು.

ಇಲಾರಿಯೋ ಆ ಗುಡ್ಡೆಯನ್ನೇ ನೋಡುತ್ತಿದ್ದ. “ಅದಕ್ಕೇ ದೊಡ್ಡ ಅಚ್ಚು ಅಷ್ಟೊಂದು ಪ್ಲಾಸ್ಟರ್ ಕುಡೀತಿತ್ತಾ?”

“ಕೇಳಿದ್ಯೇನಯ್ಯ,” ಎಂದಳು ಬ್ರಿಹಿದಾ ಟೋಪಿಯನ್ನು ಹಿಂದಕ್ಕೆ ಸರಿಸಿ. “ಇಷ್ಟು ವರ್ಷ ನಾನು ಚೆಲ್ತೀನಿ, ನಾನು ಪೋಲು ಮಾಡ್ತೀನಿ ಅಂತಿದ್ದೆ ನೀನು. ನಮ್ಮಮ್ಮನ ಮನೆಗೆ ಸಾಗಿಸ್ತೀನಿ ಅಂತ್ಲೂ ಅಂದಿದ್ದೆ. ಟೀಚರಮ್ಮನ ಎದುರಿಗೆ ಹೇಳು ಈಗ.”

“ಅಚ್ಚು ತೂತಾಗಿದೆ ಅಂತಾನೂ ಅಂದಿದ್ದೆ,” ಎಂದ ಇಲಾರಿಯೋ ಮೆಲ್ಲಗೆ.

ಸುದ್ದಿಗೆ ಸಂತೆಯಲ್ಲಿ ಕಾಲಿರುವುದಿಲ್ಲ, ರೆಕ್ಕೆ ಇರುತ್ತದೆ. ಲಾಕಿಯ ಅಂಗಡಿಯಲ್ಲಿ ಎರಡರ ದುಡ್ಡಿಗೆ ಎಂಟು ಎಂಬುದು ಬೀದಿಯ ಆ ತುದಿ ಮುಟ್ಟುವಷ್ಟರಲ್ಲಿ ಒಂದರ ದುಡ್ಡಿಗೆ ಎಂಟಾಗಿತ್ತು. ಜನ ತಿರುಗಿ ಬಂದರು. ಅಕ್ಕಿಯ ಮೂಟೆಗೂ ಹಾಗೇನಾ? ಹಾಗೇ. ಸಿಮೆಂಟಿಗೂ? ಸಿಮೆಂಟಿಗೂ. ನಾಯ್ದಾ ಪ್ರತಿ ಸಲವೂ ಗುಡ್ಡೆ ಕಟ್ಟಿ ತೋರಿಸಿದಳು; ಬರೀ ಮಾತಲ್ಲಿ ಹೇಳಿದರೆ ಯಾರೂ ಒಪ್ಪಲಿಲ್ಲ, ಅವಳೂ ಹೇಳಲಿಲ್ಲ.

ಚಪ್ಪಲಿ ಅಂಗಡಿಯವನೂ ಬಂದ, ಈ ಸಲ ಹೆಂಡತಿಯ ಜೊತೆ. ಅವನು ದೂರದಲ್ಲೇ ನಿಂತು ಗಂಟಲು ಸರಿಮಾಡಿಕೊಂಡ. “ಮನೆಗೂ ಎಂಟು ಪಟ್ಟೇನಾ ಮರಿ?”

“ಒಳಗಿನ ಜಾಗಕ್ಕೆ ಎಂಟು ಪಟ್ಟು ಮಾವ.” ನಾಯ್ದಾ ತಡೆದಳು. ದೊಡ್ಡ ಮನೆಯ ಗೋಡೆಯ ಮೇಲೆ ಚಿಕ್ಕ ಮನೆಯ ಗೋಡೆಯನ್ನು ಆನಿಸಿ, ಸರಿಸಿ, ಮತ್ತೆ ಆನಿಸಿ ನೋಡಿದಳು. “ಬಣ್ಣಕ್ಕೆ ಮಾತ್ರ ನಾಲ್ಕೇ ಪಟ್ಟು.”

“ನಾಲ್ಕು ಪಟ್ಟು ಬಣ್ಣ ಬಳಿಯೋರು ಯಾರು?” ಎಂದಳು ಅವನ ಹೆಂಡತಿ. “ಈಗಿರೋದನ್ನೇ ಬಳಿದು ಮೂರು ವರ್ಷ ಆಯ್ತು, ಹಿಂದಿನ ಗೋಡೆ ಇನ್ನೂ ಹಾಗೇ ಇದೆ. ಚಿಕ್ಕದು ಸಾಕು. ಆ ರಟ್ಟಿಂದು ಯಾವುದು, ಮೆಟ್ಟಿಲಿರೋದು?”

ಐವತ್ತಕ್ಕೆ ಒಂದರ ಮನೆ ಮೇಜಿನ ಮೂಲೆಯಿಂದ ಎದ್ದು ಅವಳ ಅಂಗೈ ಸೇರಿತು. ಅವಳು ಗಾಜು ಹಿಡಿದು ಮೆಟ್ಟಿಲುಗಳನ್ನು ಮೇಲಿನವರೆಗೂ ನೋಡಿದಳು, ತಾನೇ ಹತ್ತಿದವಳ ಹಾಗೆ ಉಸಿರುಬಿಟ್ಟಳು. “ಇದೇ ಕೊಡಿ.”

“ಜೊತೆಗೆ ಆ ಲಾರಿ,” ಎಂದ ಗಂಡ.

ಅವನು ತೋರಿಸಿದ್ದು ಇಲಾರಿಯೋನ ದೊಡ್ಡ ಲಾರಿ. ಅದರ ಹಿಂಬದಿಯಲ್ಲಿ ಆ ರಟ್ಟಿನ ಮನೆಯನ್ನು ಅಂಗಳಸಮೇತ ಹೇರಬಹುದಿತ್ತು.

ನಾಯ್ದಾ ಬಾಯಿ ತೆರೆದಳು. ಟೀಚರ ಕಡೆ ನೋಡಿದಳು. ಡೆಲ್ಮೀರಾ ಒಂದು ಗಳಿಗೆ ಆ ಮನೆ, ಆ ಲಾರಿ, ಲಾರಿ ನೋಡುತ್ತಿದ್ದ ಆ ಮನುಷ್ಯನ ಕಣ್ಣು, ಮೂರನ್ನೂ ನೋಡಿದಳು. ಮನೆ ಅವನ ಹೆಂಡತಿಗೆ ಬೇಕಾದಷ್ಟಿತ್ತು. ಲಾರಿ ಅವನಿಗೆ ಬೇಕಾದಷ್ಟಿತ್ತು.

“ಎರಡನ್ನೂ ಒಂದೇ ಚೀಲಕ್ಕೆ ಹಾಕ್ಬೇಡ,” ಎಂದಳು. “ಲಾರಿ ಮನೇನ ಜಜ್ಜಿಬಿಡತ್ತೆ.”

ನಾಯ್ದಾ ಎರಡು ಚೀಲ ತೆಗೆದಳು.

ಇಗರ್ಜಿಯ ಗಂಟೆ ಹೊಡೆಯಿತು, ಹನ್ನೆರಡು. ಬೀದಿಯ ತುಂಬ ಧೂಪದ ಹೊಗೆ ಎದ್ದಿತು. ಜನ ಕೊಂಡದ್ದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಯತೀರಿಗಳ ಮುಂದೆ ಒಬ್ಬರನ್ನೊಬ್ಬರು ನೂಕಿದರು. ಮೇಲಿಂದ ಬಣ್ಣದ ಕಾಗದದ ಚೂರು, ಪಕ್ಕದಿಂದ ವೈನಿನ ಹನಿ. ಗಂಜಿಯವಳು ಮೂಟೆಯನ್ನು ಮಗುವಿನ ಹಾಗೆ ಹೊಗೆಗೆ ಹಿಡಿದು ತಿರುಗಿಸುತ್ತಿದ್ದಳು, ಒಳಗಿನ ಎಂಟಕ್ಕೂ ಸಮನಾಗಿ ತಾಗಲಿ ಎಂದು.

ಹೊಗೆ ಇಳಿದ ಮೇಲೆ ಲಾಕಿಯ ಮೇಜಿನ ಮೇಲೆ ಹೆಚ್ಚೇನೂ ಉಳಿದಿರಲಿಲ್ಲ. ಬ್ರಿಹಿದಾ ಬುತ್ತಿಯ ಬಟ್ಟೆ ಬಿಚ್ಚಿದಳು: ಹುರಿದ ಮೀನು, ಒಣಗಿಸಿದ ಆಲೂಗಡ್ಡೆ ಚುನ್ಯೊ, ಖಾರದ ಚಟ್ನಿ. ನಾಲ್ವರೂ ಮೇಜಿನ ಹಿಂದೆ ನೆಲದ ಮೇಲೆ ಕೂತರು. ಎಲ್ಲರ ಕೂದಲಲ್ಲೂ ಬಣ್ಣದ ಚೂರುಗಳಿದ್ದವು. ಬಿಸಿಲು ಹಿತವಾಗಿತ್ತು. ಡೆಲ್ಮೀರಾಗೆ ಬಹಳ ಹಸಿವಾಗಿತ್ತು, ಮತ್ತು ಸೋಮವಾರದ ಬಗ್ಗೆ ಯೋಚಿಸಬೇಕಾಗಿಲ್ಲ ಎಂಬುದೇ ಮೀನಿಗಿಂತ ರುಚಿಯಾಗಿತ್ತು.

“ಟೀಚರಮ್ಮ, ನಾನು ಸೋತೆ,” ಎಂದ ಇಲಾರಿಯೋ. ಮುಳ್ಳು ಬಿಡಿಸಿದ ಮೀನಿನ ತುಂಡನ್ನು ಮಗಳ ತಟ್ಟೆಗೆ ಹಾಕಿದ. “ಹುಲಿಯಾಕಾ ಮಾತು ಬಿಟ್ಟುಬಿಡಿ. ಇವಳನ್ನ ಅಲ್ಲಿಗೆ ಕಳಿಸೋನು ಹುಚ್ಚ.”

“ಸದ್ಯ,” ಎಂದಳು ಡೆಲ್ಮೀರಾ.

“ನಾನು ಬೆಳಗ್ಗೆಯಿಂದ ನೋಡ್ತಾನೇ ಇದ್ದೆ.” ಅವನು ಕೈ ಒರೆಸಿಕೊಂಡು ಮಗಳ ಕಡೆ ತಿರುಗಿದ. ಅವನ ದನಿ ಬೇರೆಯಾಗಿತ್ತು. ಒಳ್ಳೆಯದನ್ನು ಕೊಡಲು ಹೊರಟವನ ಕಣ್ಣಲ್ಲಿ ಇರುವ ಸಂಕೋಚ ಅವನ ಕಣ್ಣಲ್ಲಿತ್ತು. “ಕೇಳು ಮಗಳೇ. ಲೆಕ್ಕ ಬರತ್ತೆ ನಿಂಗೆ. ಅಳತೆ ಬರತ್ತೆ. ಮಾತಂತೂ ಹುಟ್ಟಿದಾಗ್ಲೇ ಬಂತು. ಇನ್ನು ಬೆಂಚಿನ ಮೇಲೆ ಕೂತು ಮಾಡೋದೇನಿದೆ? ಸೋಮವಾರದಿಂದ ನನ್ನ ಜೊತೆ ಬಾ. ಮನೆಗಳೆಲ್ಲ ನಿನ್ನ ಅಳತೆಗೇ ಮಾಡೋಣ, ಮೆಟ್ಟಿಲು ಇಟ್ಟು. ಸಂತೆ ಎಲ್ಲೆಲ್ಲಿ ನಡೆಯತ್ತೋ ಅಲ್ಲಿಗೆಲ್ಲ ಹೋಗೋಣ. ಲಾ ಪಾಸ್ ಊರು ನೋಡಿಲ್ಲ ನೀನು, ಅಲ್ಲಿ ತಂತಿ ಮೇಲೆ ಡಬ್ಬಿ ಓಡ್ತಾವೆ, ಅದ್ರಲ್ಲಿ ಕೂರಿಸ್ತೀನಿ. ಬೋರ್ಡ್ ಮೇಲೆ ನನ್ನ ಹೆಸರು ಅಳಿಸಿ ನಿನ್ನ ಹೆಸರು ಬರೀತೀನಿ, ಇಷ್ಟು ದೊಡ್ಡದಾಗಿ.” ಅವನು ಎರಡೂ ತೋಳು ಚಾಚಿ ತೋರಿಸಿದ. ಅಪ್ಪ ತನ್ನ ಬದುಕನ್ನೇ ಎತ್ತಿ ಕೈಗಿಡುತ್ತಿದ್ದ, ಅದರಲ್ಲಿ ಸುಳ್ಳಿರಲಿಲ್ಲ.

ಡೆಲ್ಮೀರಾಳ ಬಾಯಲ್ಲಿದ್ದ ಚುನ್ಯೊ ಹಾಗೇ ನಿಂತಿತು. ಸೋತಿದ್ದರೆ ಹುಡುಗಿ ಹುಲಿಯಾಕಾದ ಶಾಲೆಗಾದರೂ ಹೋಗುತ್ತಿದ್ದಳು. ಗೆಲುವು ಅತಿಯಾಯಿತು. ಏನಾದರೂ ಹೇಳಬೇಕು ಎಂದುಕೊಂಡಳು, ಆದರೆ ಅವನು ಕೇಳಿದ್ದು ತನ್ನನ್ನಲ್ಲ. ಬ್ರಿಹಿದಾ ತಟ್ಟೆಯ ಮೇಲಿಂದ ಗಂಡನನ್ನು ನೋಡಿದಳು, ಮಗಳನ್ನು ನೋಡಿದಳು, ಟೋಪಿ ಮುಂದಕ್ಕೆಳೆದುಕೊಂಡಳು.

“ಏನಂತೀಯ?” ಎಂದ ಇಲಾರಿಯೋ. ತೋಳು ಇನ್ನೂ ಚಾಚಿಯೇ ಇತ್ತು.

ನಾಯ್ದಾ ಮೀನು ಅಗಿದು ನುಂಗಿದಳು. ಬೆರಳಿಗೆ ಅಂಟಿದ ಚಟ್ನಿ ನೆಕ್ಕಿದಳು.

“ಬೇಡ ಅಪ್ಪ,” ಎಂದಳು. “ಸೋಮವಾರ ಟೀಚರನ್ನ ಕೇಳೋದು ಇನ್ನೂ ಬಹಳ ಇದೆ.”